ಮಂಚಯ್ಯನ ಮನೆಯ ಹಲಗೆ ನೆಲ

ಮುದ್ದೆ ಉಣ್ಣುವ ಜಾಗದಲ್ಲಿ ಮರದ ಹಲಗೆಗಳನ್ನು ಇಳಿಸಿದ ದಿನವೇ ಮಂಚಯ್ಯನ ಮನೆಯಲ್ಲಿ ಮಾತಿಗೆ ಮಾತು ಬೆಳೆಯಿತು.

ಕೆ.ಆರ್.ಪೇಟೆಯಿಂದ ಹೇಮಗಿರಿ ಕಡೆಗೆ ಹೋಗುವ ರಸ್ತೆಯ ಮಗ್ಗುಲಲ್ಲಿರುವ ಊರು ಅದು. ಊರಿನ ಮೂಡಲಿಗೆ ಕೇರಿ. ಕೇರಿಯಲ್ಲಿ ತಾರಸಿ ಕಂಡ ಮೊದಲ ಮನೆ ಮಂಚಯ್ಯನ ಮಗ ಸಿದ್ದಾರ್ಥ ಕಟ್ಟಿಸಿದ್ದು. ಸಿದ್ದಾರ್ಥ ಪೇಟೆಯ ಕಾಲೇಜೊಂದರಲ್ಲಿ ಗುಮಾಸ್ತ. ಅವನ ಹೆಂಡತಿ ಪ್ರಮೀಳಾ ಕೇರಿಯ ಅಂಗನವಾಡಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಮನೆಗೆ ಇದ್ದದ್ದು ಒಂದು ಹಾಲು, ಒಂದು ರೂಮು, ಅಡುಗೆಮನೆ ಮತ್ತು ಮುಂದಕ್ಕೊಂದು ಜಗಲಿ. ಹಾಲಿನಲ್ಲೇ ಊಟ, ಹಾಲಿನಲ್ಲೇ ಟೀವಿ, ಹಾಲಿನ ಮೂಲೆಯಲ್ಲೇ ಮಂಚಯ್ಯನ ಹಗ್ಗದ ಮಂಚ.

ಟ್ರಾಕ್ಟರಿನವನು ಹಲಗೆ ಒಟ್ಟಿ ಹೋದ ಮೇಲೆ ಮಂಚಯ್ಯ ಸುತ್ತ ಒಂದು ಸಲ ಬಂದು ನೋಡಿದ.

"ಏನ್ಲಾ ಇದು? ಬಾಗ್ಲು ಮಾಡುಸ್ತೀಯಾ?"

"ಬಾಗ್ಲಿಗಲ್ಲ ಕಣಪ್ಪ, ನೆಲಕ್ಕೆ."

"ನೆಲ ಅದಲ್ಲ? ಗಾರೆ ಹಾಕ್ಸಿ ಇನ್ನೂ ಮೂರ್ ವರ್ಸ ಆಗಿಲ್ಲ."

"ಅದ್ರ ಮ್ಯಾಲೆ ಹಾಕ್ತೀನಿ. ರಂಜಿತ ಡ್ಯಾನ್ಸ್ ಮಾಡಕ್ಕೆ."

ಮಂಚಯ್ಯ ಮೂಲೆಯಲ್ಲಿದ್ದ ತನ್ನ ಮಂಚದ ಕಡೆ ನೋಡಿದ. ಅವನ ಹೆಂಡತಿ ದ್ಯಾವಮ್ಮ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಈಚೆಗೆ ಬಂದಳು.

"ಅಲ್ಲ ಕಣ್ಲಾ, ಹಾಲ್ ತುಂಬ ಹಲಗೆ ಹಾಕುದ್ರೆ ನಾವೆಲ್ಲಿ ಉಣ್ಣನ? ಇವಯ್ಯ ಎಲ್ಲಿ ಮನಗದು?"

"ಅಡುಗೆಮನೇಲಿ ಉಣ್ಣನ ಅವ್ವ. ಅಪ್ಪನ ಮಂಚ ಜಗಲಿಗೆ ಹಾಕನ. ಗಾಳಿ ಚೆನ್ನಾಗಿ ಬತ್ತದೆ."

"ಬಚ್ಚಲಿಗೊಂದು ಬಾಗ್ಲು ಹಾಕ್ಸಿ ಅಂತ ಎರಡು ವರ್ಷದಿಂದ ಬಡ್ಕೋತಾ ಇದ್ದೀನಿ," ಎಂದಳು ಪ್ರಮೀಳಾ. "ಗೋಣಿಚೀಲ ಇಳಿಬಿಟ್ಕಂಡು ಸ್ನಾನ ಮಾಡ್ತೀವಿ ನಾವು. ಡ್ಯಾನ್ಸಿಗೆ ಮಾತ್ರ ಮರದ ನೆಲ."

ವಿಷಯ ಇಷ್ಟೇ. ಮಗಳು ರಂಜಿತ ಪೇಟೆಯ ಹೈಸ್ಕೂಲಿಗೆ ಹೋಗುತ್ತಿದ್ದಳು. ವಾರದ ಕೊನೆಗೆ ಮೈಸೂರಿನಿಂದ ಟೀಚರೊಬ್ಬರು ಬಂದು ಅಲ್ಲಿ ಭರತನಾಟ್ಯ ಹೇಳಿಕೊಡುತ್ತಿದ್ದರು. ಮೊದಲು ಗೆಳತಿಯರ ಜೊತೆ ಸುಮ್ಮನೆ ಹೋದವಳು ಆಮೇಲೆ ಬಿಡಲಿಲ್ಲ. ಮನೆಯ ಗಾರೆ ನೆಲದ ಮೇಲೆ ದಿನಾ ಕುಣಿದು ಮೊಣಕಾಲ ಕೆಳಗಿನ ಮೂಳೆ ನೋಯಲು ಶುರುವಾಯಿತು. ಬಸ್ಸು ಹತ್ತಲೂ ಕುಂಟುತ್ತಿದ್ದಳು. ಡಾಕ್ಟರು ಮಾತ್ರೆ ಕೊಟ್ಟರು, ಟೀಚರು ಮಾತ್ರ ಬೇರೆ ಹೇಳಿದರು: "ಗಾರೆ ಮೇಲೆ ಕಾಲು ಬಡೀಬಾರದು. ಮರದ ನೆಲ ಆದ್ರೆ ಒಳ್ಳೇದು. ಕೆಳಗಡೆ ಗಾಳಿ ಇರಬೇಕು." ಸಿದ್ದಾರ್ಥ ತಲೆಯಾಡಿಸಿ ಬಂದ. ಬಡಗಿಗಳನ್ನು ಕೇಳಿದರೆ ಒಬ್ಬರೂ ಅಂಥದ್ದನ್ನು ಮಾಡಿದವರಲ್ಲ. "ಮನೇಲಿ ಅಟ್ಟ ಮಾಡ್ತೀನಿ, ಮಂಚ ಮಾಡ್ತೀನಿ, ನೆಲ ಎಂಗ್ ಮಾಡ್ಲಿ?" ಅಂದರು. ಹಾಗಾಗಿ ತಾನೇ ಮಾಡುವುದೆಂದು ತೀರ್ಮಾನಿಸಿ ಸಿಲ್ವರ್ ಓಕಿನ ಹಲಗೆ ಹೇರಿಕೊಂಡು ಬಂದಿದ್ದ.

ಆ ಭಾನುವಾರ ಮಂಚಯ್ಯನ ಮಂಚ ಜಗಲಿಗೆ ಹೋಯಿತು. ಹೊತ್ತವನು ಸಿದ್ದಾರ್ಥ. ಮಂಚಯ್ಯ ತನ್ನ ಕಂಬಳಿ ತಾನೇ ಎತ್ತಿಕೊಂಡ.

"ಅಪ್ಪ, ಬೇಜಾರ್ ಮಾಡ್ಕಬೇಡ."

"ನಂದೇನದೆ. ನಿನ್ ಮನೆ. ಅದ್ಸರಿ, ಮಗೀಗೆ ಕುಣಿಯೋದ್ ಯಾಕ್ಲಾ ಕಲುಸ್ತೀಯ? ಕುಣಿಯೋದು ಬುಟ್ ಮ್ಯಾಲಲ್ವಾ ನಾವು ಮನುಷ್ರಾಗಿದ್ದು?"

"ನೀನ್ ಕುಣ್ದಿದ್ದು ಬೇರೆ, ಇದ್ ಬೇರೆ ಕಣಪ್ಪ."

"ಏನ್ ಬೇರೆ? ಕಾಲು ಅದೇ ಅಲ್ವಾ?"

"ಇದು ಶಾಸ್ತ್ರೀಯ."

"ಅಂಗಂದ್ರೆ?"

ಅಂದರೆ ಏನೆಂದು ಸಿದ್ದಾರ್ಥನಿಗೂ ಸರಿಯಾಗಿ ಹೇಳಲು ಬರಲಿಲ್ಲ. "ಟೀಚರ್ ಹೇಳ್ತಾರೆ ಬುಡು," ಎಂದು ಒಳಗೆ ಹೋದ.

ಹಲಗೆಗಳನ್ನು ಗಾರೆಯ ಮೇಲೆ ಒತ್ತೊತ್ತಾಗಿ ಹಾಸಿ, ತೂತು ಕೊರೆದು, ಮೊಳೆ ಹೊಡೆದು ಕೂರಿಸುವಷ್ಟರಲ್ಲಿ ದಸರಾ ರಜೆ ಮುಗಿಯುತ್ತ ಬಂತು. ಕೆಳಗೆ ಗಾಳಿ ಇರಬೇಕು ಎಂದಿದ್ದರಲ್ಲ ಎಂದು ಸಿದ್ದಾರ್ಥ ಹಾಲಿನ ಎರಡೂ ಕಿಟಕಿ ಹಗಲೆಲ್ಲ ತೆರೆದಿಡಿಸಿದ. ಕೋಳಿಗಳು ಒಳಗೆ ಬಂದವು. ಊಟವಂತೂ ಅಡುಗೆಮನೆಯಲ್ಲಿ ಸರದಿಯ ಮೇಲೆ. ಮೊದಲು ರಂಜಿತ, ಆಮೇಲೆ ಸಿದ್ದಾರ್ಥ, ಕೊನೆಗೆ ಹೆಂಗಸರು. ಮಂಚಯ್ಯನ ತಟ್ಟೆ ಜಗಲಿಗೇ ಹೋಗುತ್ತಿತ್ತು. ಮುದ್ದೆ ಅಷ್ಟರಲ್ಲಿ ಆರಿರುತ್ತಿತ್ತು.

"ಬಿಸಿ ಇಲ್ವಾ?" ಎನ್ನುತ್ತಿದ್ದ.

"ಒಳಕ್ ಬಂದು ಉಣ್ಣು ಅಂದ್ರೆ ಬರಲ್ಲ. ಬಿಸೀದು ನಡ್ಕಂಡ್ ಬತ್ತದಾ?" ಎಂದು ದ್ಯಾವಮ್ಮ ಸಿಡುಕುತ್ತಿದ್ದಳು.

ಅವನು ಹಲಗೆಯ ಮೇಲೆ ಕಾಲಿಡುತ್ತಿರಲಿಲ್ಲ. ಅಡುಗೆಮನೆಗೆ ಹೋಗಬೇಕಾದರೆ ಮನೆಯನ್ನು ಸುತ್ತಿ ಹಿತ್ತಿಲ ಬಾಗಿಲಿನಿಂದ ಬರುತ್ತಿದ್ದ.

ಕೇರಿಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಸಿದ್ದಾರ್ಥ ರೇಷ್ಮೆಹುಳ ಸಾಕುತ್ತಾನಂತೆ ಎಂದರು ಕೆಲವರು. ಹಿಟ್ಟಿನ ಗಿರಣಿ ಇಡುತ್ತಾನೆ, ಅದಕ್ಕೇ ಹಲಗೆ ಎಂದ ಪಕ್ಕದ ಮನೆಯ ದಾಸಯ್ಯ. ಡ್ಯಾನ್ಸಿಗೆ ಎಂದು ಪ್ರಮೀಳಾ ಹೇಳಿದಾಗ ಅವನು ನಕ್ಕುಬಿಟ್ಟ, ನಂಬಲಿಲ್ಲ.

ಹಿಂಗಾರಿನ ಮಳೆ ಎರಡು ದಿನ ಬಿಡದೆ ಹೊಯ್ದಿತು. ಗಾರೆಯ ತಂಡಿ ಹಲಗೆಗೆ ಏರಿತು. ಒಂದೊಂದು ಹಲಗೆಯ ಅಂಚೂ ಮೊರದ ಹಾಗೆ ಮೇಲೆದ್ದು ನಿಂತಿತು. ರಂಜಿತ ಎಡವಿ ಹೆಬ್ಬೆರಳು ಒಡೆದುಕೊಂಡಳು. ಕಾಲಿನ ನೋವಂತೂ ಇದ್ದ ಹಾಗೇ ಇತ್ತು.

ಟೀಚರು ಒಂದು ಸಂಜೆ ಬಸ್ಸಿಳಿದು ನೋಡಲು ಬಂದರು. ಕೂತು ಹಲಗೆಯನ್ನು ಬೆರಳಿನಿಂದ ತಟ್ಟಿದರು.

"ಕೆಳಗಡೆ ಗಾಳಿ ಇರಬೇಕು ಅಂದಿದ್ನಲ್ಲ?"

"ಅದುಕ್ಕೇ ಕಿಟಕಿ ತೆಗ್ದೇ ಇಟ್ಟಿದ್ದೆ ಮೇಡಂ," ಎಂದ ಸಿದ್ದಾರ್ಥ.

ಟೀಚರು ಒಂದು ಗಳಿಗೆ ಅವನ ಮುಖವನ್ನೇ ನೋಡಿದರು. "ಹಲಗೆ ಕೆಳಗಡೆ. ಹಲಗೆಗೂ ಗಾರೆಗೂ ನಡುವೆ. ಕಾಲು ಇಟ್ಟರೆ ಸ್ವಲ್ಪ ಬಗ್ಗಬೇಕು, ಆಮೇಲೆ ಎದ್ದು ಬರಬೇಕು."

ಅವರು ಹೋದ ಮೇಲೆ ಪ್ರಮೀಳಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಸಿದ್ದಾರ್ಥನಿಗೆ ಕೋಪ ಬಂತು. "ಗೊತ್ತಿದ್ರೆ ನೀನೇ ಹೇಳ್ಬೇಕಿತ್ತು."

"ನನ್ನ ಕೇಳಿದ್ದು ಯಾರು? ಕೇಳಿದ್ರೆ ಬಚ್ಚಲಿಗೆ ಬಾಗ್ಲು ಹಾಕಿ ಅಂತಿದ್ದೆ."

ಮೊಳೆ ಎಲ್ಲ ಕಿತ್ತು ಮೊದಲಿನಿಂದ ಮಾಡಬೇಕಾಯಿತು. ಒಬ್ಬನ ಕೈಲಿ ಆಗುವ ಕೆಲಸವಲ್ಲ. ಹಿಡಿದುಕೊಳ್ಳಲು ಪ್ರಮೀಳಾ ಒಪ್ಪಿದಳು, ಆದರೆ ತೀರಾ ಸೊಟ್ಟಗಾದ ಹಲಗೆಗಳಿಂದ ಮೊದಲು ಬಚ್ಚಲ ಬಾಗಿಲು ಆಗಬೇಕೆಂದಳು. ಒಂದು ಭಾನುವಾರ ಬಚ್ಚಲಿಗೆ ಹೋಯಿತು. ಬಾಗಿಲು ಮುಚ್ಚಿದರೆ ತೆರೆಯುತ್ತಿರಲಿಲ್ಲ, ಆದರೂ ಗೋಣಿಚೀಲವನ್ನು ಅವಳೇ ಕಿತ್ತು ತಿಪ್ಪೆಗೆ ಎಸೆದಳು.

ಆಮೇಲೆ ಹಾಲಿನ ಉದ್ದಕ್ಕೂ ಸಾಲಾಗಿ ರೀಪುಗಳನ್ನು ಇಟ್ಟರು. ಅವುಗಳ ಕೆಳಗೆ ಟ್ರಾಕ್ಟರಿನ ಹಳೇ ಟ್ಯೂಬನ್ನು ಕತ್ತರಿಸಿ ತುಂಡುತುಂಡಾಗಿ ತುರುಕಿದರು. ಏರುತಗ್ಗು ನೋಡಲು ಗಾರೆಯವರ ಹತ್ತಿರ ಕೇಳಿ ತಂದ ರಸಮಟ್ಟವನ್ನು ರಂಜಿತ ಹಿಡಿದು, "ಇನ್ನೊಂದ್ ಚೂರು ಎತ್ತಿ, ಸಾಕು, ಸಾಕು," ಎನ್ನುತ್ತಿದ್ದಳು. ಒಣಗಿಸಿದ ಹಲಗೆಗಳನ್ನು ರೀಪಿನ ಮೇಲೆ ಅಡ್ಡಡ್ಡ ಹಾಸಿ ಮೊಳೆ ಹೊಡೆದರು. ಮತ್ತೆ ಮಳೆ ಬಂದು ಉಬ್ಬಿದರೆ ಇರಲಿ ಎಂದು ಗೋಡೆಯ ಸುತ್ತ ಬೆರಳು ತೂರುವಷ್ಟು ಸಂದು ಬಿಟ್ಟರು. ಉಪ್ಪುಕಾಗದ ಹಾಕಿ ಉಜ್ಜಿ ಉಜ್ಜಿ ಮೂವರ ಅಂಗೈಯೂ ಕೆಂಪಾಯಿತು. ಅನ್ನದ ಮೇಲೂ ಮರದ ಪುಡಿ ಕೂತಿತು.

"ಸಾರಿಗೆ ಏನ್ ಹಾಕಿದ್ದೀಯೆ ಪ್ರಮೀಳಾ?"

"ಸಿಲ್ವರ್ ಓಕ್ ಹಾಕಿದ್ದೀನಿ ಅತ್ತೆ, ಉಣ್ಣಿ."

ಮುಗಿದ ಸಂಜೆ ರಂಜಿತ ಬರಿಗಾಲಲ್ಲಿ ನಿಂತು ಕುಣಿದು ನೋಡಿದಳು. ನೆಲ ಧಿಮ್ ಎಂದಿತು. ಗಾರೆಯ ಮೇಲಿನ ಪಟಪಟ ಸದ್ದು ಅಲ್ಲ, ಒಳಗಿನಿಂದ ಬರುವ ಸದ್ದು. ಅದು ಜಗಲಿಗೆ ಕೇಳಿಸಿತು. ಮಂಚಯ್ಯ ಎದ್ದು ಕೂತವನು ಬೀಡಿ ಹಚ್ಚದೆ ಕೈಯಲ್ಲೇ ಹಿಡಿದುಕೊಂಡಿದ್ದ. ಆಮೇಲೆ ಎದ್ದು ಹೊಲದ ಕಡೆಗೆ ಹೋದ.

ಹಲಗೆ ನೆಲದ ಸುದ್ದಿ ಊರೊಳಕ್ಕೂ ಹೋಯಿತು. ಒಂದು ಬೆಳಿಗ್ಗೆ ಊರಿನ ಚೌಡಯ್ಯ, ಸೊಸೈಟಿಯ ಅಧ್ಯಕ್ಷ, ಕೇರಿಗೆ ಬಂದ. ಚಪ್ಪಲಿ ಬಿಟ್ಟು, ಬಾಗಿಲಲ್ಲಿ ಒಂದು ಕ್ಷಣ ನಿಂತು, ಒಳಕ್ಕೇ ಬಂದುಬಿಟ್ಟ. ಅವನ ಮನೆತನದವರು ಕೇರಿಯ ಮನೆಯೊಂದರ ಹೊಸಿಲು ದಾಟಿದ್ದನ್ನು ದ್ಯಾವಮ್ಮ ಅದುವರೆಗೆ ನೋಡಿರಲಿಲ್ಲ.

"ಏನ್ ಸಿದ್ದಾರ್ಥಪ್ಪ, ಮನೇಗೆ ಮರದ ನೆಲ ಹಾಕವ್ರಂತೆ ಅಂತ ಊರೆಲ್ಲಾ ಮಾತು. ನೋಡ್ಕಂಡ್ ಓಗನ ಅಂತ ಬಂದೆ." ಹೆಬ್ಬೆರಳಿನಿಂದ ಹಲಗೆ ಒತ್ತಿ ನೋಡಿದ. "ಬಾಳ ಚೆನ್ನಾಗದೆ. ಎಲ್ಲಿ ಮಗ, ಒಸಿ ಕುಣುದ್ ತೋರ್ಸು."

ರಂಜಿತ ಅಪ್ಪನ ಮುಖ ನೋಡಿದಳು. ಅವನು ಹೂಂ ಎಂದ. ಸ್ವಲ್ಪ ಹೊತ್ತು ಕುಣಿದಳು.

"ಓಹೋ! ಈ ಸಲ ನವೆಂಬರ್ ಕೊನೇಗೆ ರಾಜ್ಯೋತ್ಸವ ಮಾಡ್ತೀವಿ, ಇಸ್ಕೂಲ್ ಮುಂದೆ ಸ್ಟೇಜ್ ಹಾಕುಸ್ತಾ ಇವ್ನಿ. ತಾಸೀಲ್ದಾರ್ರು ಬತ್ತಾರೆ. ಮಗಿಂದೊಂದು ಡ್ಯಾನ್ಸ್ ಇರ್ಲಿ. ಸಾಲು ಹೊದ್ಸಿ ಮರ್ವಾದೆ ಮಾಡನ." ಜಗಲಿಯ ಕಡೆ ತಿರುಗಿ ನಕ್ಕ. "ರಕ್ತದಲ್ಲೇ ಬಂದದೆ ಬುಡಿ. ಮಂಚ ಎಂಗ್ ಕುಣೀತಿದ್ದ ಅಂತೀರಿ! ನಮ್ಮಣ್ಣನ ಮದುವೇಲಿ ಬೆಳಗಾನ ಕುಣ್ದವ್ನೆ. ಇವತ್ಗೂ ಕಣ್ಗೆ ಕಟ್ದಂಗದೆ."

ಪ್ರಮೀಳಾ ಸ್ಟೀಲ್ ಲೋಟದಲ್ಲಿ ಕಾಫಿ ತಂದಳು.

"ಈಗ್ ತಾನೆ ಕುಡ್ಕಂಡ್ ಬಂದೆ ಕಣವ್ವ. ಇರ್ಲಿ, ಇರ್ಲಿ."

ಸಿದ್ದಾರ್ಥ, "ಆಗ್ಲಿ ಗೌಡ್ರೆ, ಕಳುಸ್ತೀನಿ," ಎಂದ. ಚೌಡಯ್ಯ ಕೈಮುಗಿದು ಹೋದ.

ಆ ಮದುವೆ ಮಂಚಯ್ಯನಿಗೂ ಕಣ್ಣಿಗೆ ಕಟ್ಟಿದಂತೆಯೇ ಇತ್ತು. ತಮಟೆ ಬಡಿದು ದಿಬ್ಬಣದ ಮುಂದೆ ಕುಣಿಯುವುದು ಅವನ ಮನೆತನಕ್ಕೆ ಬಂದ ಕೆಲಸ. ಕರೆದಾಗ ಹೋಗಬೇಕು, ಕೊಟ್ಟದ್ದನ್ನು ತರಬೇಕು. ಅಂದು ಅವನು ಕುಣಿಯುತ್ತಿದ್ದಾಗ ಚಿಲ್ಲರೆ ಎರಚಿದರು. ಮಗ ಸಿದ್ದಾರ್ಥ ಇನ್ನೂ ಹುಡುಗ, ಸ್ಕೂಲಿನ ನಿಕ್ಕರಿನಲ್ಲೇ ಅಪ್ಪನನ್ನು ನೋಡಲು ಬಂದಿದ್ದ. ಯಾರೋ ಅವನ ಕುತ್ತಿಗೆ ಹಿಡಿದು ಬಗ್ಗಿಸಿ, "ಆಯ್ಕೊಳ್ಳಾ," ಅಂದರು. ಹುಡುಗ ಆಯ್ದುಕೊಂಡ. ಮಾರನೆ ದಿನ ಮಂಚಯ್ಯ ತಮಟೆ ಹರಿದು ಹಾಕಿದ. ಊರಲ್ಲಿ ಅವನಿಗೆ ಕೂಲಿ ಹುಟ್ಟದೆ ಪಾಂಡವಪುರದ ಕಡೆ ಆಲೆಮನೆಗಳಲ್ಲಿ ದುಡಿದು ಮಗನನ್ನು ಓದಿಸಿದ.

ಚೌಡಯ್ಯ ಹೋದ ಮೇಲೆ ದ್ಯಾವಮ್ಮ ತುಂಬಿದ ಲೋಟವನ್ನು ಎತ್ತಿಕೊಂಡಳು.

"ಕಾಪಿ ಕುಡೀನಿಲ್ಲ," ಎಂದಳು ದ್ಯಾವಮ್ಮ.

"ಕುಡ್ದು ಬಂದಿದ್ರಂತಲ್ಲವ್ವ."

"ನಮ್ಮ ನೆಲ ತುಳಿಯೋಕಾಗತ್ತೆ, ಲೋಟ ಮುಟ್ಟೋಕಾಗಲ್ವಾ?" ಎಂದಳು ಪ್ರಮೀಳಾ.

"ನಿಜವಾಗ್ಲೂ ಕುಡ್ದಿದ್ರೆ? ಎಲ್ಲಾದ್ರಲ್ಲೂ ಅದನ್ನೇ ಹುಡುಕ್ಬೇಡ. ಒಳಕ್ಕೆ ಬಂದ್ರು, ಮರ್ಯಾದೆ ಮಾಡ್ತೀವಿ ಅಂದ್ರು. ಇನ್ನೇನ್ ಬೇಕು?"

"ಕುಣಿ ಅಂದ ತಕ್ಷಣ ಮಗೂನ ಕುಣಿಸಿದ್ರಲ್ಲ ನೀವು!"

"ನಾನೇನ್ ಮಾಡ್ಲಿ? ತೋರ್ಸು ಅಂದ್ರು."

ಜಗಲಿಯಲ್ಲಿ ಮಂಚಯ್ಯನ ಇಡ್ಲಿ ತಟ್ಟೆ ಹಾಗೇ ಇತ್ತು. ಅವನು ಅಲ್ಲಿರಲಿಲ್ಲ.

ಅವನು ಚೌಡಯ್ಯನ ಹಿಂದೆಯೇ ಊರೊಳಕ್ಕೆ ಹೋಗಿದ್ದ. ಆ ಮನೆಯ ಮುಂದೆ ನಿಲ್ಲದೆ ಎಷ್ಟೋ ವರ್ಷವಾಗಿತ್ತು. ಚೌಡಯ್ಯ ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನಮ್ ಮೊಮ್ಮಗ್ಳು ಬರಲ್ಲ ಗೌಡ್ರೆ. ಕುಣಿಯಾಕೆ."

"ಯಾಕ್ಲಾ ಮಂಚ? ನಿನ್ ಮಗ ಒಪ್ಪವ್ನಲ್ಲ?"

"ಅವ್ನ್ ಒಪ್ಪವ್ನೆ. ನಾನ್ ಒಪ್ನಿಲ್ಲ."

"ಅಲ್ಲ ಕಣಯ್ಯ, ಆಗಿಂದ್ ಕಾಲಾನಾ ಇದು? ತಾಸೀಲ್ದಾರ್ ಮುಂದೆ ಸಾಲು ಹೊದುಸ್ತೀವಿ ಅಂದ್ರೂ ಬ್ಯಾಡ ಅಂತೀಯಲ್ಲ, ಯಾಕೇಳು?"

ಮಂಚಯ್ಯ ದಾರಿಯುದ್ದಕ್ಕೂ ಏನೇನೋ ಹೇಳಬೇಕೆಂದುಕೊಂಡು ಬಂದಿದ್ದ. ಆದರೆ ಎದುರಿಗಿದ್ದವನು ಜಗಳಕ್ಕೂ ನಿಂತಿರಲಿಲ್ಲ.

"ಯಾಕೆ ಅಂತ ನನ್ಗೂ ಗೊತ್ತಾಯ್ತಿಲ್ಲ. ಆದ್ರೆ ಬರಲ್ಲ," ಎಂದು ತಿರುಗಿ ನಡೆದ.

ಸಂಜೆ ಈ ಸುದ್ದಿ ತಿಳಿದಾಗ ಸಿದ್ದಾರ್ಥ ಕೂಗಾಡಿದ. "ನನ್ ಮಾತ್ಗೆ ಬೆಲೆ ಇಲ್ವಾ? ಊರಲ್ಲಿ ತಲೆ ಎತ್ಕಂಡ್ ಓಡಾಡ್ಲಾ ಬ್ಯಾಡ್ವಾ ನಾನು?"

"ಎತ್ಕಂಡ್ ಓಡಾಡ್ಲಿ ಅಂತ್ಲೇ ಕಣ್ಲಾ ಓಗಿದ್ದು," ಎಂದ ಮಂಚಯ್ಯ.

ಅಪ್ಪ ಮಗ ಮಾತು ಬಿಟ್ಟರು. ಪ್ರಮೀಳಾ ಮಾವನ ಪರವೋ ಗಂಡನ ಪರವೋ ಅವಳಿಗೇ ತಿಳಿಯಲಿಲ್ಲ. ಬೆಳಿಗ್ಗೆ ಮಾವ ಹೇಳಿದ್ದು ಸರಿ ಎಂದಳು, ಮಧ್ಯಾಹ್ನ ಮಗಳ ಸಪ್ಪೆ ಮುಖ ನೋಡಿ, "ಒಂದ್ ದಿನ ಕುಣಿದಿದ್ರೆ ಏನಾಗ್ತಿತ್ತು?" ಎಂದಳು. ದ್ಯಾವಮ್ಮ ಇಬ್ಬರಿಗೂ ಬೈದಳು. ಹೊಸ ನೆಲದ ಮೇಲೆ ಯಾರೂ ಕಾಲಿಡದೆ ಧೂಳು ಕೂತಿತು.

ಮೂರ್ನಾಲ್ಕು ದಿನ ಕಳೆದು, ಹಿತ್ತಿಲಲ್ಲಿ ಮಂಚಯ್ಯ ಹಸುವಿಗೆ ಹುಲ್ಲು ಹಾಕುತ್ತಿದ್ದಾಗ ರಂಜಿತ ಬಂದು ಎದುರಿಗೆ ನಿಂತಳು. ಸ್ಕೂಲಿನ ಬಟ್ಟೆ ಇನ್ನೂ ಬಿಚ್ಚಿರಲಿಲ್ಲ.

"ತಾತ, ಕ್ಲಾಸಲ್ಲಿ ಎಲ್ರಿಗೂ ಹೇಳಿಬಿಟ್ಟಿದ್ದೆ ನಾನು. ಸ್ಟೇಜ್ ಮೇಲೆ ಮಾಡ್ತೀನಿ ಅಂತ."

"ನಿಂಗ್ ಗೊತ್ತಾಗಲ್ಲ ಕಣವ್ವ."

"ಹೇಳಿದ್ರೆ ಗೊತ್ತಾಗತ್ತೆ. ಅವಾಗ ಅವ್ರು ಕುಣಿ ಅಂದ್ರು, ನೀನು ಕುಣಿದೆ. ಇವಾಗ ಅಪ್ಪ ಕುಣಿ ಅಂತಾರೆ, ನೀನು ಕುಣೀಬೇಡ ಅಂತೀಯ. ನನ್ನ ಕೇಳಿದ್ದು ಯಾರು?"

ಮಂಚಯ್ಯ ಹುಲ್ಲಿನ ಕಂತೆ ಕೆಳಗಿಟ್ಟ. ಇಷ್ಟು ದಿನದಲ್ಲಿ ಯಾರೂ ಕೇಳಿರಲಿಲ್ಲ, ನಿಜ. ಅವನೂ ಕೇಳಿರಲಿಲ್ಲ.

"ಈಗ್ ಕೇಳ್ತೀನಿ. ನಿಂಗ್ ಕುಣಿಯಕ್ಕಿಷ್ಟವಾ?"

"ಇಷ್ಟ." ಅಷ್ಟು ಹೇಳಿ ಅವಳೂ ಕೇಳಿದಳು: "ನಿಂಗೆ ಇಷ್ಟ ಇರ್ಲಿಲ್ವಾ ತಾತ?"

ಆ ಮಾತನ್ನು ಮಂಚಯ್ಯನಿಗೆ ಹುಟ್ಟಿದಂದಿನಿಂದ ಯಾರೂ ಕೇಳಿರಲಿಲ್ಲ. ಕುಣಿಸಿದವರೂ ಕೇಳಿರಲಿಲ್ಲ, ಬಿಟ್ಟಾಗ ಬೆನ್ನು ತಟ್ಟಿದವರೂ ಕೇಳಿರಲಿಲ್ಲ. ಅವನು ಹಸುವಿನ ಬೆನ್ನ ಮೇಲೆ ಕೈಯಿಟ್ಟುಕೊಂಡು ನಿಂತ.

"ಇತ್ತು ಕಣವ್ವ. ಬಾಳ ಇಷ್ಟ ಇತ್ತು. ಅದೇ ಕಷ್ಟ ಆಗಿದ್ದು."

"ಮತ್ತೆ ಬಿಟ್ಟುಬಿಟ್ಟೆ?"

"ನಿಮ್ಮಪ್ಪ ಬಗ್ಗಿ ಕಾಸು ಆಯ್ಕತಾ ಇದ್ದ. ನಾನ್ ಕುಣೀತಾನೇ ಇದ್ದೆ. ನಿಲ್ಸಕ್ಕಾಗ್ನಿಲ್ಲ."

ಅದರ ಅರ್ಥ ಪೂರ್ತಿ ಅವಳಿಗಾಗಲಿಲ್ಲ. ಆದರೂ ಹುಲ್ಲಿನ ಕಂತೆಯನ್ನು ಎತ್ತಿ ಅವಳೇ ಹಸುವಿನ ಮುಂದೆ ಹರವಿದಳು.

ಮಾರನೆ ಬೆಳಿಗ್ಗೆ ಸ್ಕೂಲಿನ ಬಸ್ಸಿಗೆ ಮುಂಚೆ ತಾತ ಮೊಮ್ಮಗಳು ಇಬ್ಬರೂ ಚೌಡಯ್ಯನ ಮನೆಗೆ ಹೋದರು. "ನಾನು ಬರ್ತೀನಿ," ಎಂದಳು ರಂಜಿತ. "ಬೇಡ ಅಂದಿದ್ದು ತಾತನ ಮಾತು. ಬರ್ತೀನಿ ಅನ್ನೋದು ನನ್ನ ಮಾತು. ಆದ್ರೆ ಯಾವ ಡ್ಯಾನ್ಸು, ಎಷ್ಟು ಹೊತ್ತು ಅಂತ ಟೀಚರ್ ಜೊತೆ ಕೂತು ನಾನೇ ಹೇಳ್ತೀನಿ. ಮಧ್ಯದಲ್ಲಿ ಯಾರೂ ಸ್ಟೇಜ್ ಮೇಲೆ ಬಂದು ದುಡ್ಡು ಕೊಡಬಾರದು."

ಚೌಡಯ್ಯ ಮಂಚಯ್ಯನನ್ನು ನೋಡಿದ. "ಆವತ್ತು ಬರಲ್ಲ ಅಂದೆ. ಇವತ್ತು ನೀನೇ ಕರ್ಕಂಡ್ ಬಂದಿದ್ದೀಯ. ನಿಮ್ಮನೇಲಿ ಏನ್ ನಡೀತಾ ಅದೆ?"

"ನಾನೂ ಅದನ್ನೇ ನೋಡ್ತಾ ಇವ್ನಿ ಗೌಡ್ರೆ."

ರಾಜ್ಯೋತ್ಸವದ ದಿನ ಸ್ಕೂಲಿನ ಮುಂದೆ ಡ್ರಮ್ಮುಗಳ ಮೇಲೆ ಹಲಗೆ ಹಾಕಿ ಸ್ಟೇಜು ಮಾಡಿದ್ದರು. ಸಿದ್ದಾರ್ಥ ಮುಂಚೆಯೇ ಹೋಗಿ ಹತ್ತಿ, ತುಳಿದು, ಅಲ್ಲಾಡುವ ಕಡೆ ಕಲ್ಲು ಕೊಟ್ಟು ಬಂದ. ಎರಡನೇ ಸಾಲಿನಲ್ಲಿ ಅಪ್ಪನಿಗೆಂದು ಕುರ್ಚಿ ಹಿಡಿದಿಟ್ಟಿದ್ದ. ಮಂಚಯ್ಯ ಕೂರದೆ ಹಿಂದುಗಡೆ ಹೊಂಗೆಮರದ ಹತ್ತಿರ ನಿಂತ. ದ್ಯಾವಮ್ಮನ ಮಂಡಿನೋವು ಜೋರಾಗಿತ್ತು, ಅವಳು ಮನೆಯಲ್ಲೇ ಉಳಿದಿದ್ದಳು.

ಎಲ್ಲರಿಗಿಂತ ಮೊದಲು ಮನೆಗೆ ವಾಪಸು ಬಂದವನು ಮಂಚಯ್ಯ. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ದ್ಯಾವಮ್ಮನ ಪಕ್ಕ ಕೂತ.

"ಎಂಗ್ ಮಾಡುದ್ಲು ಮಗ?"

"ಚೆನ್ನಾಗ್ ಮಾಡುದ್ಲು."

"ಯಾರಾರ ಏನಾರ ಅಂದ್ರಾ?"

"ಮೈಕಲ್ಲಿ 'ನಮ್ಮ ಮಂಚನ ಮೊಮ್ಮಗಳು' ಅಂದ ಚೌಡಯ್ಯ. ಪ್ರಮೀಳಾ ಎದ್ದು ಓಗಿ 'ಮಂಚಯ್ಯನವರು' ಅನ್ನಿ ಅಂದ್ಲು. ಇನ್ನೊಂದ್ ಸಲ ಅವ್ಳು ಹೇಳ್ದಂಗೇ ಅಂದ."

"ಮತ್ಯಾಕ್ ಇಂಗಿದ್ದೀಯ? ಸಂತೋಸ ಇಲ್ವಾ?"

ಮಂಚಯ್ಯ ಒಂದು ಅವರೆಕಾಯಿ ಎತ್ತಿಕೊಂಡು ಸುಲಿಯದೆ ತಿರುವುತ್ತ ಕೂತ.

"ನಾವ್ ಕುಣಿವಾಗ ಗೌಡ್ರ ಮಕಾನೇ ನೋಡ್ಕಂಡ್ ಕುಣೀತಿದ್ವಿ ಕಣೆ. ಅವ್ರು ಕೈ ಎತ್ತಿ ಸಾಕು ಅನ್ನಗಂಟ ನಿಲ್ಸಂಗಿರ್ನಿಲ್ಲ. ಇವ್ಳು ಯಾರ್ ಮಕಾನೂ ನೋಡ್ನಿಲ್ಲ. ಚೌಡಯ್ಯ ಎದುರ್ಗೇ ಕುಂತಿದ್ದ, ತಾಸೀಲ್ದಾರ್ರು ಕುಂತಿದ್ರು. ಕುಣುದ್ಲು, ಕುಣುದ್ಲು... ಆಮ್ಯಾಕೆ ನಿಂತ್ಕಂಡ್ಲು. ಯಾರೂ ಸಾಕು ಅನ್ನಿಲ್ಲ ಕಣೆ. ಅವ್ಳೇ ನಿಲ್ಸುದ್ಲು."

ದ್ಯಾವಮ್ಮನಿಗೆ ಅರ್ಥವಾಗಲಿಲ್ಲ. "ಮುಗೀತು, ನಿಲ್ಸುದ್ಲು. ಅದ್ರಲ್ಲೇನದೆ?"

"ಅದೇ ಕಣೆ," ಎಂದ ಮಂಚಯ್ಯ. "ಅವ್ಳೇ ನಿಲ್ಸುದ್ಲು."